‘ನಿಮಗೇನು ಆಗಬೇಕು ಎಂದು ನನ್ನನ್ನೇ ಕೇಳಿದರು’

ಓದುಗರೊಬ್ಬರ ಪತ್ರ:

ಮಾನ್ಯ ಸಂಪಾದಕರೇ, ನಾನು ಬದಿಯಡ್ಕ ಕಡೆಯವಳು. ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಕಳೆದ ವರ್ಷ ಮಂಗಳೂರಿನಿಂದ ಬರುವಾಗ ಬಸ್ಸಿನಲ್ಲಿ ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೈಕಾಲು ತಣ್ಣಗಾಯಿತು. ಸತ್ತೇ ಹೋಗುತ್ತೇನೆ ಅನಿಸಿತು. ಇಸಿಜಿ, ರಕ್ತಪರೀಕ್ಷೆ ಎಲ್ಲ ಸರಿ ಇತ್ತು. ಪ್ಯಾನಿಕ್ ಅಟ್ಯಾಕ್ ಎಂದರು. ಆಮೇಲೆ ನಾನು ಬಸ್ಸು ಹತ್ತಿಲ್ಲ. ಮದುವೆ, ಜಾತ್ರೆಗೂ ಹೋಗುತ್ತಿಲ್ಲ. ಮಗಳು ಮಂಗಳೂರಿನಲ್ಲಿ ಕಾಲೇಜಿಗೆ ಸೇರಿದ್ದಾಳೆ, ಅವಳ ಹಾಸ್ಟೆಲ್ ಇನ್ನೂ ನೋಡಿಲ್ಲ. ತಮ್ಮ ಒತ್ತಾಯ ಮಾಡಿ ಕಾಸರಗೋಡು ಪೇಟೆಯಲ್ಲಿ ಮನಸ್ಸಿನ ತೊಂದರೆಗೆ ಮಾತಿನ ಚಿಕಿತ್ಸೆ ಕೊಡುವ ಥೆರಪಿಸ್ಟ್ ಒಬ್ಬರ ಹತ್ತಿರ ಕಾರಿನಲ್ಲಿ ಕರೆದುಕೊಂಡು ಹೋದ. ಅವರು ‘ಇಲ್ಲಿ ಬಂದು ನಿಮಗೆ ಏನಾಗಬೇಕು?’ ಎಂದು ಕೇಳಿದರು. ಭಯ ಹೋಗಬೇಕು ಎಂದೆ. ‘ಅದು ಹೋದರೆ ಏನು ಮಾಡುತ್ತೀರಿ?’ ಎಂದರು. ಯೋಚಿಸಿ ಬರೆದು ತನ್ನಿ ಎಂದು ಒಂದು ಹಾಳೆ ಕೊಟ್ಟರು. ನನಗೆ ಗೊತ್ತಿದ್ದರೆ ಅವರ ಹತ್ತಿರ ಯಾಕೆ ಹೋಗಬೇಕಿತ್ತು? ಬ್ಯಾಂಕಿನಲ್ಲೂ ಟಾರ್ಗೆಟ್, ಅಲ್ಲೂ ಟಾರ್ಗೆಟ್. ಹಾಳೆ ಖಾಲಿ ಇದೆ. ನೀನು ಮೊದಲಿನ ಹಾಗಾದರೆ ಸಾಕು ಅಂತ ಗಂಡ ಹೇಳುತ್ತಾರೆ. ಅಮ್ಮ ಹರಕೆ ಹೇಳಿಕೊಂಡಿದ್ದಾರೆ. ಪುನಃ ಹೋಗಬೇಕೇ? ನಾನು ಅಲ್ಲಿ ಹೇಳಿದ್ದನ್ನು ಗಂಡ ಫೋನ್ ಮಾಡಿ ಕೇಳಿದರೆ ಅವರು ಹೇಳಿಬಿಡುತ್ತಾರೆಯೇ? ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ಹೋಗಿ. ಖಾಲಿ ಹಾಳೆಯನ್ನೇ ತೆಗೆದುಕೊಂಡು ಹೋಗಿ. ‘ಬರೆಯಲು ಕೂತೆ, ಏನೂ ತೋಚಲಿಲ್ಲ, ಸಿಟ್ಟು ಬಂತು’ ಎಂದು ಹೇಳಿ. ಅಷ್ಟು ಸಾಕು, ಮಾತು ಅಲ್ಲಿಂದ ಮುಂದೆ ಹೋಗುತ್ತದೆ.

ನಾನು ವೈದ್ಯನಲ್ಲ. ಆದರೆ ಈ ವಿಷಯ ಓದಿಕೊಂಡಿದ್ದೇನೆ, ಈ ಕೆಲಸ ಮಾಡುವವರ ಜೊತೆ ಮಾತಾಡಿದ್ದೇನೆ. ನಿಮ್ಮ ಸಿಟ್ಟಿಗೆ ಕಾರಣ ಇದೆ ಎಂದೇ ನನಗೆ ಅನಿಸುತ್ತದೆ. ನಾವು ಡಾಕ್ಟರ ಹತ್ತಿರ ಹೋಗುವುದು ಅವರು ಹೇಳಲಿ ಎಂದು. ಅವರು ಪರೀಕ್ಷೆ ಮಾಡಿ ಚೀಟಿ ಬರೆಯುತ್ತಾರೆ, ನಾವು ಮಾತ್ರೆ ನುಂಗುತ್ತೇವೆ. ಹಾಗಿರುವಾಗ ಎದುರು ಕೂತವರು ನಮ್ಮನ್ನೇ ಕೇಳಿದರೆ ಗಲಿಬಿಲಿ ಆಗುತ್ತದೆ. ನಿಮ್ಮ ಥೆರಪಿಸ್ಟ್ ಯಾಕೆ ಕೇಳುತ್ತಿದ್ದೇನೆ ಎಂದು ಮೊದಲೇ ಎರಡು ಮಾತು ಹೇಳಬೇಕಿತ್ತು. ಹೇಳದೆ ಹಾಳೆ ಕೊಟ್ಟದ್ದು ಸರಿಯಾಗಲಿಲ್ಲ.

ಆದರೆ ಪ್ರಶ್ನೆ ಸರಿಯಾದದ್ದೇ. ಬಸ್ಸಿನಲ್ಲಿ ಎದೆ ಹೊಡೆದುಕೊಂಡ ಮೂವರು ಒಂದೇ ದಿನ ಅವರ ಹತ್ತಿರ ಬಂದರು ಎಂದುಕೊಳ್ಳಿ. ಒಬ್ಬನಿಗೆ ರಜೆ ಮುಗಿಯುವ ಮೊದಲು ದುಬೈ ವಿಮಾನ ಹತ್ತಬೇಕು. ಇನ್ನೊಬ್ಬರಿಗೆ ಶುಕ್ರವಾರದ ಜುಮಾಕ್ಕೆ ತುಂಬಿದ ಮಸೀದಿಯೊಳಗೆ ನಿಲ್ಲಬೇಕು. ಮತ್ತೊಬ್ಬರಿಗೆ ಬಯಲಾಟ ಬೆಳಗಿನವರೆಗೆ ಕೂತು ನೋಡಬೇಕು. ಕಾಯಿಲೆ ಒಂದೇ, ಹೆಸರೂ ಒಂದೇ. ಆದರೆ ಯಾವುದನ್ನು ಮೊದಲು ಅಭ್ಯಾಸ ಮಾಡಬೇಕು, ಎಷ್ಟರಲ್ಲಿ ಸಾಕು ಎನ್ನಬೇಕು, ಇದೆಲ್ಲ ಮೂವರಿಗೂ ಬೇರೆ. ಅದು ಸ್ಕ್ಯಾನಿಂಗಿನಲ್ಲಿ ಕಾಣುವುದಿಲ್ಲ. ನಿಮ್ಮನ್ನು ಕೇಳಿಯೇ ತಿಳಿಯಬೇಕು.

ಎಡ್ವರ್ಡ್ ಬೋರ್ಡಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ಲೇಖನ ಬರೆದರು. ಯಾವ ಪದ್ಧತಿಯ ಚಿಕಿತ್ಸೆಯಾದರೂ ಮೂರು ಸಂಗತಿ ಇರಬೇಕು ಎಂದರು. ಎಲ್ಲಿಗೆ ಹೋಗುವುದು ಎಂಬ ಒಪ್ಪಂದ, ಅಲ್ಲಿಗೆ ಹೋಗಲು ಏನು ಮಾಡುವುದು ಎಂಬ ಒಪ್ಪಂದ, ಇಬ್ಬರ ನಡುವೆ ನಂಬಿಕೆ. ಅಂದಿನಿಂದ ಇದರ ಮೇಲೆ ಬೇಕಾದಷ್ಟು ಸಂಶೋಧನೆ ಆಗಿದೆ. ಈ ಮೂರು ಗಟ್ಟಿಯಾಗಿರುವ ಕಡೆ ಫಲವೂ ಜಾಸ್ತಿ ಎಂದು ಮತ್ತೆ ಮತ್ತೆ ಕಂಡುಬಂದಿದೆ. ನಿಮಗೆ ಕೊಟ್ಟ ಹಾಳೆ ಮೊದಲನೆಯದಕ್ಕೆ ಸೇರಿದ್ದು. ಅದನ್ನು ನೀವೊಬ್ಬರೇ ತುಂಬಿಸಬೇಕಾಗಿಲ್ಲ, ಇಬ್ಬರೂ ಕೂತು ತುಂಬಿಸುವಂಥದ್ದು. ಎಷ್ಟೋ ಸಲ ಅದಕ್ಕೇ ಎರಡು ಮೂರು ಭೇಟಿ ಬೇಕಾಗುತ್ತದೆ.

ಟಾರ್ಗೆಟ್ ಎಂದಿರಿ. ಆ ಮಾತು ನನಗೆ ತಾಗಿತು. ವರ್ಷ ವರ್ಷ ಠೇವಣಿ ಸಂಗ್ರಹದ ಗಡಿಬಿಡಿ ನೋಡಿದವರು ನೀವು. ಆ ಟಾರ್ಗೆಟ್ ಮೇಲಿನಿಂದ ಇಳಿದು ಬರುತ್ತದೆ, ಮುಟ್ಟದಿದ್ದರೆ ಉತ್ತರ ಹೇಳಬೇಕು. ಥೆರಪಿಯ ಗುರಿಯನ್ನು ನೀವೇ ಇಡುವುದು. ಕೆಲವು ವಾರಕ್ಕೊಮ್ಮೆ ಅದನ್ನು ತೆಗೆದು ನೋಡುತ್ತಾರೆ. ಆಗದಿದ್ದರೆ ನಿಮ್ಮನ್ನು ಬಯ್ಯುವುದಿಲ್ಲ, ಗುರಿಯನ್ನು ಸಣ್ಣದು ಮಾಡುತ್ತಾರೆ ಅಥವಾ ಬದಲಿಸುತ್ತಾರೆ. ಗುರಿ ಸ್ಪಷ್ಟ ಇರಬೇಕು, ಅಳೆಯುವಂತಿರಬೇಕು, ಅವಧಿ ಇರಬೇಕು ಎಂಬ ‘ಸ್ಮಾರ್ಟ್’ ಸೂತ್ರ ಹುಟ್ಟಿದ್ದು 1981ರಲ್ಲಿ, ಜಾರ್ಜ್ ಡೊರಾನ್ ಎಂಬವರು ಕಂಪನಿ ಮ್ಯಾನೇಜರುಗಳಿಗಾಗಿ ಬರೆದ ಲೇಖನದಲ್ಲಿ. ಈಗ ಕೌನ್ಸೆಲಿಂಗ್ ಕೋಣೆಗಳಲ್ಲೂ ಅದನ್ನು ಬಳಸುತ್ತಾರೆ. ಉಪಯೋಗ ಇಲ್ಲ ಎನ್ನುವುದಿಲ್ಲ. ಆದರೆ ಮನುಷ್ಯರ ಕಷ್ಟ ಪೂರ್ತಿ ಕೇಳುವ ಮೊದಲೇ ಆ ಸೂತ್ರ ಹಿಡಿದು ಫಾರ್ಮ್ ತುಂಬಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ‘ಭಯ ಹೋಗಬೇಕು’ ಎಂಬ ನಿಮ್ಮ ಉತ್ತರ. ಇದು ಬಹಳ ಜನರ ಮೊದಲ ಉತ್ತರ. ಥೆರಪಿಸ್ಟ್ ಇದನ್ನು ಬೇಡ ಎನ್ನುವುದಿಲ್ಲ, ಆದರೆ ಇಲ್ಲಿಗೇ ನಿಲ್ಲುವುದೂ ಇಲ್ಲ. ಅಮೆರಿಕದ ವರ್ತನಾ ವಿಜ್ಞಾನಿ ಆಗ್ಡೆನ್ ಲಿಂಡ್ಸ್ಲೆ ಒಂದು ಒರಟಾದ ಪರೀಕ್ಷೆ ಕೊಟ್ಟಿದ್ದರು. ಸತ್ತವನೂ ಮಾಡಬಲ್ಲದ್ದನ್ನು ವರ್ತನೆ ಎಂದು ಎಣಿಸಬೇಡಿ ಎಂದು. ಹೆದರದಿರುವುದು, ಅಳದಿರುವುದು, ಎದೆ ಹೊಡೆದುಕೊಳ್ಳದಿರುವುದು ಎಲ್ಲ ಸತ್ತವನಿಂದ ಚೆನ್ನಾಗಿ ಆಗುತ್ತದೆ. ಬದುಕಿರುವವರ ಗುರಿಯಲ್ಲಿ ಏನಾದರೂ ಮಾಡುವುದು ಇರಬೇಕು. ಅದಕ್ಕೇ ಅವರು ‘ಭಯ ಹೋದರೆ ಏನು ಮಾಡುತ್ತೀರಿ?’ ಎಂದದ್ದು.

ಇನ್ನೊಂದು ಕಾರಣವೂ ಇದೆ. ಪ್ಯಾನಿಕ್ ಅಟ್ಯಾಕ್ ಕೆಲವು ನಿಮಿಷದಲ್ಲಿ ಏರಿ ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಅದು ತಾನಾಗಿ ಇಳಿಯುತ್ತದೆ ಎಂದು ಮೈಗೆ ಅನುಭವದಿಂದಲೇ ಗೊತ್ತಾಗಬೇಕು. ನಡುವೆಯೇ ಬಸ್ಸಿಳಿದು ಓಡಿದರೆ, ಅಥವಾ ಬಸ್ಸನ್ನೇ ಹತ್ತದಿದ್ದರೆ, ಆ ಅನುಭವ ಸಿಗುವುದಿಲ್ಲ. ಹಾಗಾಗಿ ‘ಭಯ ಪೂರ್ತಿ ಹೋದ ಮೇಲೆ ಬಸ್ಸು ಹತ್ತುತ್ತೇನೆ’ ಎಂದು ಕೂತರೆ ಕೆಲಸ ಹಿಂದುಮುಂದಾಗುತ್ತದೆ. ಸ್ವಲ್ಪ ಭಯ ಇರುವಾಗಲೇ, ಸಣ್ಣ ದೂರ, ಜೊತೆಗೆ ತಯಾರಿ. ದಾರಿ ಅದು.

ಏನೂ ತೋಚದವರಿಂದ ಗುರಿ ಹೊರಡಿಸಲು ಥೆರಪಿಸ್ಟರ ಹತ್ತಿರ ಬೇರೆ ಪ್ರಶ್ನೆಗಳೂ ಇವೆ. ಸ್ಟೀವ್ ಡಿ ಶೇಜರ್, ಇನ್ಸೂ ಕಿಮ್ ಬರ್ಗ್ ಎಂಬ ದಂಪತಿ ಅಮೆರಿಕದ ಮಿಲ್ವಾಕಿಯಲ್ಲಿ ಬೆಳೆಸಿದ ಒಂದು ಪ್ರಶ್ನೆ ನನಗೆ ಬಹಳ ಇಷ್ಟ. ಇವತ್ತು ರಾತ್ರಿ ನೀವು ಮಲಗಿದ್ದಾಗ ಒಂದು ಪವಾಡ ನಡೆದು ತೊಂದರೆ ಮಾಯವಾಯಿತು. ನಿಮಗೆ ಅದು ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗ ಯಾವುದರಿಂದ ಗೊತ್ತಾಗುತ್ತದೆ? ಮನೆಯಲ್ಲಿ ಯಾರಿಗೆ ಮೊದಲು ಗೊತ್ತಾಗುತ್ತದೆ? ಇದನ್ನು ಸುಮ್ನೆ ಕೇಳಿದರೆ ಆಟದಂತೆ ಕಾಣಬಹುದು. ನಿಧಾನವಾಗಿ ಉತ್ತರ ಹೇಳುತ್ತಾ ಹೋದರೆ ಸಣ್ಣ ಸಣ್ಣ ಸಂಗತಿ ಹೊರಬರುತ್ತದೆ. ತಮ್ಮನ ಕಾರಿಗೆ ಕಾಯದೆ ಚೀಲ ಹಿಡಿದು ಬಸ್‌ಸ್ಟಾಪಿಗೆ ನಡೆಯುತ್ತೇನೆ, ಅಂಥದ್ದು. ಆ ದಂಪತಿಯದೇ ಇನ್ನೊಂದು ಪ್ರಶ್ನೆ ಸೊನ್ನೆಯಿಂದ ಹತ್ತರ ಅಳತೆ. ಸೊನ್ನೆ ಎಂದರೆ ತೀರಾ ಕಷ್ಟದ ಸ್ಥಿತಿ, ಹತ್ತು ಎಂದರೆ ಪವಾಡ ನಡೆದ ಮರುದಿನ. ಈಗ ಎಲ್ಲಿದ್ದೀರಿ? ಮೂರು ಎಂದರೆ, ಎರಡು ಯಾಕಲ್ಲ? ನಾಲ್ಕಾದರೆ ಏನು ಬೇರೆ ಇರುತ್ತದೆ? ಹತ್ತೇ ಆಗಬೇಕು ಎಂದು ಯಾರೂ ಹೇಳುವುದಿಲ್ಲ.

ಈಗ ನಿಮ್ಮ ಪತ್ರಕ್ಕೇ ಬರುತ್ತೇನೆ. ನಿಮ್ಮ ಗುರಿ ನಾನು ಬರೆದುಕೊಡುವಂತಿಲ್ಲ. ಆದರೆ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು. ‘ಅವಳ ಹಾಸ್ಟೆಲ್ ಇನ್ನೂ ನೋಡಿಲ್ಲ.’ ಯಾರೂ ಕೇಳದೆ ನೀವಾಗಿ ಬರೆದದ್ದು. ಆ ಸಾಲನ್ನೇ ಹಾಳೆಯಲ್ಲಿ ಬರೆದುಕೊಂಡು ಹೋಗಿ ನೋಡಿ. ಅದು ನಿಮ್ಮ ಗುರಿ ಹೌದೋ ಅಲ್ಲವೋ ಅಲ್ಲಿ ಮಾತಾಡುವಾಗ ಗೊತ್ತಾಗುತ್ತದೆ. ಹೌದಾದರೆ ಅದನ್ನು ಮೆಟ್ಟಿಲು ಮಾಡುತ್ತಾರೆ. ಮೊದಲು ನಿಂತ ಬಸ್ಸಿನಲ್ಲಿ ಹತ್ತು ನಿಮಿಷ ಕೂರುವುದು ಇರಬಹುದು. ಆಮೇಲೆ ತಮ್ಮನ ಜೊತೆ ನೀರ್ಚಾಲಿನವರೆಗೆ. ಒಬ್ಬರೇ ಸೀತಾಂಗೋಳಿಗೆ. ಕುಂಬಳೆಗೆ. ಅಲ್ಲಿ ಬಸ್ಸು ಬದಲಿಸಿ ಉಪ್ಪಳಕ್ಕೆ. ಕರ್ನಾಟಕದ ಗಡಿಯ ತಲಪಾಡಿ ದಾಟುವುದು ನಿಮಗೆ ದೊಡ್ಡ ಮೆಟ್ಟಿಲಾಗಿರಬಹುದು, ಅಥವಾ ರಶ್ ಇರುವ ಸಂಜೆ ಬಸ್ಸೇ ದೂರಕ್ಕಿಂತ ಕಷ್ಟ ಇರಬಹುದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನಿಮ್ಮ ಭಯದ ಅಳತೆ ನೋಡಿ ಇಬ್ಬರೂ ಸೇರಿ ಹಾಕುತ್ತೀರಿ. ಒಂದು ಮೆಟ್ಟಿಲು ಸಲೀಸಾಗುವವರೆಗೆ ಮತ್ತೆ ಮತ್ತೆ ಅದನ್ನೇ ಮಾಡುವುದು.

ಕೆಲವರು ಇದನ್ನು ಐದು ಹಂತದ ಪಟ್ಟಿ ಮಾಡಿಕೊಳ್ಳುತ್ತಾರೆ. ಕಿರೆಸುಕ್ ಮತ್ತು ಶರ್ಮನ್ ಎಂಬವರು 1968ರಲ್ಲಿ ತಂದ ಕ್ರಮ. ನಡುವೆ ಸೊನ್ನೆ, ಅಂದರೆ ಈ ಅವಧಿಯಲ್ಲಿ ಇಷ್ಟಾಗಬಹುದು ಎಂದು ಇಬ್ಬರೂ ಒಪ್ಪಿದ್ದು. ಅದಕ್ಕಿಂತ ಜಾಸ್ತಿಯಾದರೆ ಪ್ಲಸ್ ಒಂದು, ಎರಡು. ಕಡಿಮೆಯಾದರೆ ಮೈನಸ್. ಪಾಸು ಫೇಲು ಎಂಬ ಎರಡೇ ಮನೆ ಇಲ್ಲದ್ದರಿಂದ ಉಪ್ಪಳದ ಬದಲು ಕುಂಬಳೆಯಲ್ಲೇ ಇಳಿದ ದಿನವೂ ಲೆಕ್ಕಕ್ಕೆ ಬರುತ್ತದೆ. ನಿಮ್ಮಂಥ ಲೆಕ್ಕದವರಿಗೆ ಇದು ಹಿಡಿಸಬಹುದು.

ನನಗೆ ಮುಖ್ಯ ಅನಿಸುವುದು ಬೇರೆ. ನಿಮ್ಮ ಪತ್ರದಲ್ಲಿ ಗಂಡನಿಗೆ ಬೇಕಾದದ್ದು ಇದೆ. ಅಮ್ಮ ಮಾಡಿದ್ದು ಇದೆ. ತಮ್ಮನ ಒತ್ತಾಯ ಇದೆ. ನಿಮಗೆ ಬೇಕಾದದ್ದು ಒಂದು ಸಾಲಿನಲ್ಲಿ ಅಡಗಿ ಕೂತಿದೆ. ನಮ್ಮ ಮನೆಗಳಲ್ಲಿ ಹೀಗೇ ಅಲ್ವಾ? ಮದುವೆಗೆ ಒಪ್ಪಿಸಿ ಎಂದು ಮಗನನ್ನು ಕರೆದುಕೊಂಡು ಬರುತ್ತಾರೆ. ಮಾರ್ಕು ಬರುವ ಹಾಗೆ ಮಾಡಿ ಎಂದು ಮಗಳನ್ನು. ಬಂದವರ ಮನಸ್ಸಿನಲ್ಲಿ ಇರುವುದು ಪೂರ್ತಿ ಬೇರೆ. ಒಳ್ಳೆಯ ಥೆರಪಿಸ್ಟ್ ಮನೆಯವರ ಮಾತನ್ನು ಕೇಳಿಸಿಕೊಳ್ಳುತ್ತಾರೆ, ಆದರೆ ಅದನ್ನೇ ಗುರಿ ಎಂದು ಬರೆದುಕೊಳ್ಳುವುದಿಲ್ಲ. ‘ಇದು ನಿಮಗೆ ಬೇಕೋ, ಅವರಿಗೆ ಬೇಕೋ?’ ಎಂದು ಕೇಳುತ್ತಾರೆ. ಎರಡೂ ಒಂದೇ ಆಗಿದ್ದರೆ ಸಂತೋಷ. ಬೇರೆಯಾಗಿದ್ದರೆ ಬೇರೆ ಎಂದೇ ಇಟ್ಟುಕೊಳ್ಳಬಹುದು. ‘ಮೊದಲಿನ ಹಾಗೆ’ ಎಂದು ಗಂಡ ಹೇಳುವುದರಲ್ಲಿ ನಿಮ್ಮ ಮೇಲಿನ ಕಾಳಜಿ ಇದೆ. ಆದರೆ ಮೊದಲು ಇದ್ದದ್ದೆಲ್ಲ ನಿಮಗೆ ಮತ್ತೆ ಬೇಕೇ? ಎಲ್ಲ ಮದುವೆಗೂ ಓಡುವುದು ಬೇಕೇ? ಬೇಡ ಎನ್ನಲೂ ನಿಮಗೆ ಹಕ್ಕಿದೆ. ಅಮ್ಮನ ಹರಕೆಗೆ ಥೆರಪಿ ಅಡ್ಡ ಬರುವುದಿಲ್ಲ, ಎರಡೂ ಒಟ್ಟಿಗೆ ನಡೆಯಲಿ.

ಕೆಲವು ಮಾತು ಬೇಗ ಹೇಳಿ ಮುಗಿಸುತ್ತೇನೆ. ನೀವು ಮನೆಯಲ್ಲಿ ತುಳುವೋ ಹವ್ಯಕವೋ ಆಡುವವರಾದರೆ, ಮನಸ್ಸಿನ ಮಾತು ಮಲಯಾಳದಲ್ಲಿ ಬರುವುದಿಲ್ಲ ಎಂದಾದರೆ, ಮೊದಲೇ ಹೇಳಿ. ಕನ್ನಡ ಬಲ್ಲವರು ಬೇಕು ಎಂದು ಕೇಳುವುದು ತಪ್ಪಲ್ಲ. ಅವರು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ. ಡಾಕ್ಟರು ಮಾತ್ರೆ ಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಕೇಂದ್ರ ಸರಕಾರದ ಉಚಿತ ಸೇವೆ, ಹಗಲು ರಾತ್ರಿ ಇದೆ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಸಾಯಬೇಕು ಎಂಬ ಯೋಚನೆ ಬಂದರೆ ಗುರಿ, ಮೆಟ್ಟಿಲು ಎಲ್ಲ ಆಮೇಲೆ. ಆ ಮಾತು ಮೊದಲು ಹೇಳಿ.

ನಿಮ್ಮ ಕೊನೆಯ ಪ್ರಶ್ನೆ. ಇಲ್ಲ, ನಿಮ್ಮ ಒಪ್ಪಿಗೆ ಇಲ್ಲದೆ ಅವರು ಗಂಡನಿಗೆ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 23ನೇ ಕಲಂ ಈ ಗೋಪ್ಯತೆಯನ್ನು ಹಕ್ಕು ಎಂದೇ ಹೇಳುತ್ತದೆ. ಯಾರದಾದರೂ ಜೀವಕ್ಕೆ ಅಪಾಯ ಎಂಬಂಥ ಕೆಲವು ಸಂದರ್ಭ ಮಾತ್ರ ಬೇರೆ. ಅವು ಯಾವುವು ಎಂದು ಮುಂದಿನ ಭೇಟಿಯಲ್ಲಿ ಅವರ ಬಾಯಿಂದಲೇ ಕೇಳಿ ತಿಳಿದುಕೊಳ್ಳಿ. ಗಂಡನನ್ನು ಒಂದು ದಿನ ಜೊತೆಗೆ ಕರೆದುಕೊಂಡು ಹೋಗಬೇಕು ಅನಿಸಿದರೆ ಹೋಗಬಹುದು. ಅಂದು ಯಾವ ವಿಷಯ ಮಾತಾಡಬಹುದು, ಯಾವುದು ಬೇಡ ಎಂದು ಥೆರಪಿಸ್ಟ್ ಹತ್ತಿರ ಮೊದಲೇ ಹೇಳಿಟ್ಟುಕೊಳ್ಳಿ.

ನಿಮ್ಮ
ಸಂಪಾದಕ