ಆಟಿಸಂ ಇರುವ ಮಗುವಿಗೆ ಕೊಡಗಿನಲ್ಲಿ ಯಾವ ಕಚೇರಿಯಿಂದ ಶುರು ಮಾಡಬೇಕು? ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುವವರು ಸರ್ಕಾರದಲ್ಲಿ ಯಾರಾದರೂ ಇದ್ದಾರಾ?

ನೀವು ಕೇಳಿರುವುದು ಎರಡು ವಿಷಯ. ವಿರಾಜಪೇಟೆ ಕಡೆಯ ನಿಮ್ಮ ಮೂರು ವರ್ಷದ ಮಗನಿಗೆ ‘ಆಟಿಸಂ ಇರಬಹುದು’ ಅಂತ ಡಾಕ್ಟರು ಹೇಳಿದ್ದಾರೆ, ಮುಂದೆ ಎಲ್ಲಿಗೆ ಹೋಗಬೇಕು ಅನ್ನೋದು ಒಂದು. ಅಮೆರಿಕದಲ್ಲಿ ಇದಕ್ಕೆಂದೇ ಸರ್ಕಾರದ ಸಮನ್ವಯ ಸಮಿತಿ ಇದೆಯಂತೆ, ನಮ್ಮಲ್ಲಿ ಯಾಕಿಲ್ಲ ಅನ್ನೋದು ಇನ್ನೊಂದು. ನಾನು ಡಾಕ್ಟರಲ್ಲ. ನನ್ನ ತಂಗಿಯ ಮಗನಿಗೆ ಆಟಿಸಂ ಇದೆ, ಈಗ ಅವನಿಗೆ ಹೈಸ್ಕೂಲು ವಯಸ್ಸು. ತಂಗಿಗೂ ಅವಳ ಗಂಡನಿಗೂ ತೋಟ ಬಿಟ್ಟು ಬರಲು ಆಗುತ್ತಿರಲಿಲ್ಲ. ಹಾಗಾಗಿ ಕಾಗದಪತ್ರದ ಓಡಾಟವೆಲ್ಲ ಮಾವನಾದ ನನ್ನ ಪಾಲಿಗೆ ಬಂತು.

ನೇರವಾಗಿ ಹೇಳಿಬಿಡುತ್ತೇನೆ. ಆಟಿಸಂಗೆ ಅಂತ ಒಂದೇ ಕಚೇರಿ ನಮ್ಮಲ್ಲಿಲ್ಲ. ಮಗುವನ್ನು ಗುರುತಿಸುವುದು ಆರೋಗ್ಯ ಇಲಾಖೆಯ ಕೆಲಸ. ಶಾಲೆ ಶಿಕ್ಷಣ ಇಲಾಖೆಯದ್ದು. ಕಾರ್ಡು, ಸವಲತ್ತು ವಿಕಲಚೇತನರ ಇಲಾಖೆಯದ್ದು. ಪಿಂಚಣಿ ಬೇಕಾದರೆ ನಾಡಕಚೇರಿ, ತಹಸೀಲ್ದಾರರು. ಇವರ ನಡುವೆ ಫೈಲು ತಾನಾಗಿ ಓಡಾಡುವುದಿಲ್ಲ, ನೀವು ಹಿಡಿದುಕೊಂಡು ಹೋದರೆ ಉಂಟು. ಅದಕ್ಕೇ ಇವತ್ತೇ ಒಂದು ಫೈಲು ಮಾಡಿ. ಪ್ರತಿ ರಿಪೋರ್ಟು, ಪ್ರತಿ ಚೀಟಿ ತಾರೀಖಿನ ಪ್ರಕಾರ ಇಡಿ, ಎರಡು ಜೆರಾಕ್ಸ್ ಜೊತೆ.

ಈಗ ಮಗುವಿನ ವಿಷಯ. ಅಂಗವಿಕಲತೆಯ ಸರ್ಟಿಫಿಕೇಟಿಗಾಗಿ ಕಾಯಬೇಡಿ. ಥೆರಪಿ ಶುರು ಮಾಡಲು ಯಾವ ಸರ್ಟಿಫಿಕೇಟೂ ಬೇಕಾಗಿಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹೆಸರು ಕರೆದರೆ ತಿರುಗದ ಮಗುವಿಗೆ ಕಿವಿ ಕೇಳದೆಯೂ ಇರಬಹುದು, ಅದನ್ನು ಮೊದಲು ತಳ್ಳಿಹಾಕಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆ ನಮಗೆ ಹತ್ತಿರದ ದೊಡ್ಡ ಜಾಗ. ಕೇಂದ್ರ ಆರೋಗ್ಯ ಸಚಿವಾಲಯದ ಕೆಳಗೆ ಬರುತ್ತದೆ. ಕಿವಿ, ಮಾತು, ಸೈಕಾಲಜಿ ಮೂರೂ ಒಂದೇ ಆವರಣದಲ್ಲಿ ಸಿಗುತ್ತವೆ. ಮನೆಯಲ್ಲಿ ಏನು ಮಾಡಿಸಬೇಕು ಅಂತ ತಾಯಿ ತಂದೆಗೂ ಕಲಿಸಿ ಕಳಿಸುತ್ತಾರೆ. ನಮ್ಮಂಥ ದೂರದವರಿಗೆ ನಿಜವಾಗಿ ಕೆಲಸಕ್ಕೆ ಬರುವುದು ಅದೇ. ವಾರಕ್ಕೊಂದು ಗಂಟೆ ಥೆರಪಿಸ್ಟ್ ಮಾಡುವುದಕ್ಕಿಂತ ದಿನಾ ಸ್ನಾನ, ಊಟ, ಆಟದ ಹೊತ್ತಿನಲ್ಲಿ ನೀವು ಮಾಡುವುದು ಜಾಸ್ತಿ ಆಗುತ್ತದೆ.

ಅಂಗನವಾಡಿಗೆ ಸೇರಿಸಿದ್ದೀರಾ? ಆರ್‌ಬಿಎಸ್‌ಕೆ ಅಂತ 2013ರಲ್ಲಿ ಶುರುವಾದ, ಮಕ್ಕಳ ಆರೋಗ್ಯ ತಪಾಸಣೆಯ ಕೇಂದ್ರದ ಯೋಜನೆ ಇದೆ. ಅದರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಬೆಳವಣಿಗೆ ತಡವಾಗಿರುವ ಮಕ್ಕಳನ್ನು ಗುರುತಿಸುವುದೂ ಅವರ ಕೆಲಸದಲ್ಲಿದೆ. ಅಂಥ ಮಕ್ಕಳನ್ನು ಮುಂದೆ ನೋಡಲು ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅನ್ನೋ ಕೇಂದ್ರ ಈ ಯೋಜನೆಯ ಭಾಗ. ಮಡಿಕೇರಿ ಜಿಲ್ಲಾ ಆಸ್ಪತ್ರೆಯಲ್ಲಿ ‘ಮಕ್ಕಳ ಡಾಕ್ಟರು ಎಲ್ಲಿ’ ಅಂತಷ್ಟೇ ಕೇಳಬೇಡಿ, ಡಿಇಐಸಿ ಅಂತ ಹೆಸರು ಹಿಡಿದೇ ಕೇಳಿ. ಹೆಸರು ಗೊತ್ತಿರುವವರಿಗೆ ಬೇರೆ ಥರದ ಉತ್ತರ ಸಿಗುತ್ತದೆ, ಇದು ನನ್ನ ಅನುಭವ.

ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಹೇಳುವ ಒಂದು ಮಾತಿದೆ. ನಿಮಗೂ ಯಾರೋ ಹೇಳಿರುತ್ತಾರೆ. ‘ಮನೆಯಲ್ಲಿ ಕೊಡವ ತಕ್ಕ್, ಕೆಲಸದವರ ಜೊತೆ ಮಲಯಾಳ, ಅಂಗನವಾಡಿಯಲ್ಲಿ ಕನ್ನಡ, ಮಗುವಿಗೆ ಗೊಂದಲ ಆಗಿದೆ, ಅದಕ್ಕೇ ಮಾತು ತಡ.’ ಅರೆಭಾಷೆ, ತುಳು ಮಾತಾಡುವ ಮನೆಗಳಲ್ಲೂ ಇದೇ ಕಥೆ. ಇದನ್ನು ನಂಬಿ ಒಂದೆರಡು ವರ್ಷ ಸುಮ್ನೆ ಕೂತ ಮನೆಗಳನ್ನು ನಾನು ನೋಡಿದ್ದೇನೆ. ಎರಡು ಮೂರು ಭಾಷೆ ಕೇಳಿ ಬೆಳೆದರೆ ಆಟಿಸಂ ಬರುವುದಿಲ್ಲ. ಈ ಮಕ್ಕಳೂ ಒಂದಕ್ಕಿಂತ ಹೆಚ್ಚು ಭಾಷೆ ಕಲಿಯುತ್ತಾರೆ. ಅಜ್ಜಿ ಯಾವ ಭಾಷೆಯಲ್ಲಿ ಮುದ್ದು ಮಾಡುತ್ತಾರೋ ಅದನ್ನು ನಿಲ್ಲಿಸಬೇಡಿ. ಮಾತಿಗಿಂತ ಬೇರೆ ಕೆಲವು ವಿಷಯ ನೋಡಿ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ? ತಾನು ನೋಡಿದ್ದನ್ನು ನಿಮಗೂ ತೋರಿಸಲು ಬರುತ್ತಾನಾ? ಡಾಕ್ಟರು ಕೇಳುವುದೂ ಅದನ್ನೇ.

ಸರ್ಟಿಫಿಕೇಟು ಬೇಡ ಅಂತ ನಾನು ಹೇಳುತ್ತಿಲ್ಲ, ಅದು ಎರಡನೆಯ ಕೆಲಸ ಅಷ್ಟೇ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳೇ ವಿಧಗಳಿದ್ದವು, ಆಟಿಸಂ ಅದರಲ್ಲಿ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ವಿಧ ಮಾಡಿದರು, ಆಗ ಬಂತು. ಈಗ ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿಗೆ ಸರ್ಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಆಮೇಲೆ ಆಸ್ಪತ್ರೆಯಲ್ಲಿ ಪರೀಕ್ಷೆ. ಅಲ್ಲಿ ಐಎಸ್‌ಎಎ ಅನ್ನೋ ನಮ್ಮ ದೇಶದ್ದೇ ಅಳತೆ ಬಳಸುತ್ತಾರೆ. 40 ಅಂಶಗಳು, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಅಲ್ಲ ಅಂತ ಲೆಕ್ಕ. ಅವತ್ತು ಮಗು ಯಾವ ಮೂಡಿನಲ್ಲಿದೆ ಅನ್ನೋದು ಪರೀಕ್ಷೆಯ ಮೇಲೆ ಪರಿಣಾಮ ಮಾಡುತ್ತದೆ. ಹಾಗಾಗಿ ಮನೆಯಲ್ಲಿ ಅವನು ಹೇಗಿರುತ್ತಾನೆ ಅಂತ ಮೊಬೈಲಿನಲ್ಲಿ ಸಣ್ಣ ಸಣ್ಣ ವಿಡಿಯೋ ಮಾಡಿಟ್ಟುಕೊಳ್ಳಿ. ಒಂದು ಕಡೆ ನಮಗೆ ‘ಹುಡುಗ ನೋಡಲು ಚೆನ್ನಾಗಿಯೇ ಇದ್ದಾನಲ್ಲ’ ಅಂದರು. ಕೈಕಾಲು ನೆಟ್ಟಗಿದ್ದರೆ ವಿಕಲಚೇತನ ಅಲ್ಲ ಅನ್ನೋ ಲೆಕ್ಕ ಇನ್ನೂ ಹೋಗಿಲ್ಲ. ಅಂಥ ಕಡೆ ಜಗಳಕ್ಕಿಂತ ವಿಡಿಯೋ ಚೆನ್ನಾಗಿ ಕೆಲಸ ಮಾಡುತ್ತದೆ. ಸಣ್ಣ ಮಕ್ಕಳಿಗೆ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ, ಅವಧಿ ಮುಗಿಯುವ ತಾರೀಖು ಗುರುತು ಹಾಕಿಕೊಳ್ಳಿ. ಅರ್ಜಿ ತುಂಬಲು ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅವರಿಗೆ ಸಿಗುವುದು ಗೌರವಧನ ಮಾತ್ರ, ಆದರೂ ಇಡೀ ವ್ಯವಸ್ಥೆಯಲ್ಲಿ ನಿಮ್ಮ ಮನೆ ಬಾಗಿಲಿಗೆ ಬರುವವರು ಅವರೊಬ್ಬರೇ.

ಕಾರ್ಡು ಬಂದ ಮೇಲೆ ನಿರಾಮಯ ಅನ್ನೋ ಸರ್ಕಾರಿ ಆರೋಗ್ಯ ವಿಮೆ ಮಾಡಿಸಿ. ವರ್ಷಕ್ಕೆ 1 ಲಕ್ಷ ರೂಪಾಯಿ ತನಕ, ಥೆರಪಿ ಖರ್ಚೂ ಒಂದು ಮಿತಿಯೊಳಗೆ ಸೇರುತ್ತದೆ. ಬಿಲ್ಲುಗಳ ಅಸಲು ಪ್ರತಿ ಬೇಕು. ಮಗನಿಗೆ ಆರು ವರ್ಷ ಆದ ಮೇಲೆ ಶಾಲೆಯ ವಿಷಯ ಬರುತ್ತದೆ. ಅಂಗವಿಕಲತೆ 40 ಶೇಕಡಾ ಅಥವಾ ಜಾಸ್ತಿ ಇರುವ ಮಕ್ಕಳಿಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣ 2016ರ ಕಾಯ್ದೆಯಲ್ಲಿದೆ. ಬೇಕಿದ್ದರೆ ಸುಂಟಿಕೊಪ್ಪದ ‘ಸ್ವಸ್ಥ’ ವಿಶೇಷ ಶಾಲೆಯನ್ನೂ ಒಮ್ಮೆ ನೋಡಿ ಬನ್ನಿ.

ಬಸ್ಸಿನದ್ದು ಮಾತ್ರ ತಮಾಷೆ. ಕೆಎಸ್‌ಆರ್‌ಟಿಸಿಯ ವಿಕಲಚೇತನರ ರಿಯಾಯಿತಿ ಪಾಸು ಮನೆಯಿಂದ 100 ಕಿ.ಮೀ. ತನಕ ನಡೆಯುತ್ತದೆ. ಕುಶಾಲನಗರದವರಿಗೆ ಮೈಸೂರು ಅದರೊಳಗೆ ಬರುತ್ತದೆ, ಮಡಿಕೇರಿಯವರಿಗೆ ಬರುವುದಿಲ್ಲ. ಜಿಲ್ಲೆಯಲ್ಲಿ ರೈಲೂ ಇಲ್ಲ. ಹೆಂಗಸರಿಗೆ ಬಸ್ಸು ಉಚಿತ ಮಾಡಿದ 2023ರ ಶಕ್ತಿ ಯೋಜನೆಯಿಂದ ತಾಯಂದಿರಿಗೆ ಟಿಕೆಟ್ ಖರ್ಚು ಉಳಿದಿದೆ, ಆದರೆ ಕಾಫಿ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ಮೈಸೂರಿಗೆ ಹೋಗೋದು ತೋಟದ ಕೆಲಸಗಾರರ ಲೈನ್ ಮನೆಯ ತಾಯಿಗೆ ಸುಲಭ ಅಲ್ಲ. ಯೋಜನೆ ಬರೆಯುವವರಿಗೆ ಇದು ಕಾಣುವುದಿಲ್ಲ ಅಲ್ವಾ.

ಇನ್ನು ಅಮೆರಿಕದ ಸಮಿತಿ. 2000ದ ಒಂದು ಕಾಯ್ದೆಯಿಂದ ಹುಟ್ಟಿದ್ದು, 2006ರಲ್ಲಿ ಇನ್ನೊಂದು ಕಾಯ್ದೆ ಅದಕ್ಕೆ ಬಲ ಕೊಟ್ಟಿತು. ಬೇರೆ ಬೇರೆ ಇಲಾಖೆಯ ಅಧಿಕಾರಿಗಳ ಜೊತೆ ಆಟಿಸಂ ಇರುವವರು, ಪೋಷಕರು ಕೂರುತ್ತಾರೆ. ಸಭೆ ಜನರಿಗೆ ತೆರೆದಿರುತ್ತದೆ. ಒಳ್ಳೆಯದೇ. ಆದರೆ ಅದು ಸಲಹೆ ಕೊಡುವ ಸಮಿತಿ, ಥೆರಪಿ ಕೊಡುವ ಕಚೇರಿ ಅಲ್ಲ. ಸಂಶೋಧನೆಯ ಹಣದಲ್ಲಿ ಸೇವೆಗಳಿಗೂ, ಆಟಿಸಂ ಇದ್ದು ದೊಡ್ಡವರಾದವರಿಗೂ ಸಿಗುವುದು ಸಣ್ಣ ಪಾಲು ಅಂತ ಅಲ್ಲಿನವರೇ ದೂರುತ್ತಾರೆ. ನಮ್ಮ ತೊಂದರೆ ಇನ್ನೂ ಹಿಂದಿನದು, ನಾವು ಎಣಿಸಿಯೇ ಇಲ್ಲ. 2011ರ ಜನಗಣತಿಯ ನಮೂನೆಯಲ್ಲಿ ಆಟಿಸಂಗೆ ಬೇರೆ ಕಾಲಂ ಇರಲಿಲ್ಲ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಪಲ್ವಲ್, ಕಾಂಗ್ರಾ, ಧೆಂಕನಾಲ್, ಉತ್ತರ ಗೋವಾ, ಹೈದರಾಬಾದ್ ಈ ಐದು ಕಡೆ 2ರಿಂದ 9 ವರ್ಷದ ಮಕ್ಕಳಲ್ಲಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಎಷ್ಟಿದೆ ಅಂತ ನೋಡಿತು. ಕರ್ನಾಟಕ ಅದರಲ್ಲಿ ಇಲ್ಲ. ಜಿಲ್ಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಲೆಕ್ಕವಿಲ್ಲದೆ ಎಷ್ಟು ಥೆರಪಿಸ್ಟ್ ಬೇಕು ಅಂತ ಯಾರು ಕೇಳುತ್ತಾರೆ?

ಆದರೂ ಎಲ್ಲ ಇಲಾಖೆಗಳೂ ಕೂಡುವ ಒಂದು ಜಾಗ ನಮ್ಮಲ್ಲಿದೆ, ಅದು ಜಿಲ್ಲಾಧಿಕಾರಿ ಕಚೇರಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ ಸೇರಿ ನಾಲ್ಕು ವಿಧದ ಅಂಗವಿಕಲತೆ ಇರುವವರಿಗೆ ಮಾಡಿದ್ದು. ಅದರ ಪ್ರಕಾರ ಪ್ರತಿ ಜಿಲ್ಲೆಗೂ ಸ್ಥಳೀಯ ಮಟ್ಟದ ಸಮಿತಿ ಇರಬೇಕು. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವಿಕಲರೊಬ್ಬರು ಅದರಲ್ಲಿರುತ್ತಾರೆ. ಮಕ್ಕಳಿಗೆ 18 ತುಂಬಿದ ಮೇಲೆ ಕಾನೂನಿನ ಪಾಲಕರನ್ನು ನೇಮಿಸುವುದು ಇದರ ಮುಖ್ಯ ಕೆಲಸ. 2016ರ ಕಾಯ್ದೆಯಲ್ಲಿ ಬೇರೆಯೇ ಒಂದು ಜಿಲ್ಲಾ ಮಟ್ಟದ ಸಮಿತಿಯ ಮಾತೂ ಇದೆ. ನಿಮ್ಮ ಸುತ್ತ ಇಂಥ ನಾಲ್ಕು ಮನೆ ಸಿಕ್ಕರೆ ಸಾಕು, ಒಟ್ಟಿಗೆ ಸಹಿ ಹಾಕಿ ಜಿಲ್ಲಾಧಿಕಾರಿಗೆ ಒಂದು ಅರ್ಜಿ ಕೊಡಿ. ಈ ಸಮಿತಿಗಳು ಕೊನೆಗೆ ಯಾವಾಗ ಸೇರಿದವು, ತಾಲ್ಲೂಕು ಆಸ್ಪತ್ರೆಗೆ ಸ್ಪೀಚ್ ಥೆರಪಿಸ್ಟ್ ವಾರಕ್ಕೊಮ್ಮೆಯಾದರೂ ಬರಲು ಆಗುತ್ತದಾ, ಇಷ್ಟು ಕೇಳಿ. ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ.