ತಲೆಗೆ ಪೆಟ್ಟು ಬಿದ್ದ ಹುಡುಗ ಮತ್ತೆ ಯಾವಾಗ ಆಡಬಹುದು?

ಮೆಲ್ಬರ್ನಿನಲ್ಲಿ ಜೂನ್ ತಿಂಗಳು ಬಂತೆಂದರೆ ಕ್ರೀಡಾ ವೈದ್ಯನಾದ ನನಗೆ ಕನ್ನಡದ ಮನೆಗಳಿಂದ ಬರುವ ಪತ್ರಗಳೆಲ್ಲ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತವೆ. ಫುಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್, ಆಡುವ ಹುಡುಗರು, ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ನವೆಂಬರಿನ ಡ್ರಾಫ್ಟ್‌ನಲ್ಲಿ ಈ ಆಟದ ಅಗ್ರ ಲೀಗಾದ ಎಎಫ್‌ಎಲ್‌ನ ಯಾವುದಾದರೂ ಕ್ಲಬ್ಬಿಗೆ ಆಯ್ಕೆಯಾಗಬೇಕೆಂದು ಹಗಲಿರುಳು ದುಡಿಯುವ ಕಾಲವಿದು. ತಲೆಗೆ ಪೆಟ್ಟು ಬಿದ್ದರೂ ಅದನ್ನು ಮುಚ್ಚಿಡುವ ಕಾಲವೂ ಇದೇ. ಹಿಂದೆ ಮೂರು ಬಾರಿ ಉತ್ತರಿಸಿದ ಪ್ರಶ್ನೆಯೇ ಮತ್ತೆ ಬಂದಿರುವುದರಿಂದ ಈ ಬಾರಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತೇನೆ.

ಪ್ರಶ್ನೆ: ನಮ್ಮ ಮಗನಿಗೆ 17 ವರ್ಷ. ಹೋದ ಶನಿವಾರ ಚೆಂಡು ಹಿಡಿಯಲು ಜಿಗಿದಾಗ ಎದುರಾಳಿಯ ಭುಜ ದವಡೆಗೆ ಬಡಿದು ಬಿದ್ದ. ಪ್ರಜ್ಞೆ ತಪ್ಪಲಿಲ್ಲ, ಸಿಟಿ ಸ್ಕ್ಯಾನ್ ಸರಿಯಾಗಿದೆ, ಎರಡೇ ದಿನದಲ್ಲಿ ತಲೆನೋವೂ ಹೋಯಿತು. ಆದರೂ ವೈದ್ಯರು ಕನ್ಕಷನ್, ಅಂದರೆ ಮೆದುಳಿಗೆ ಆಘಾತ, ಎಂದು ಹೇಳಿ 21 ದಿನ ಪಂದ್ಯ ಆಡಬಾರದು ಎಂದಿದ್ದಾರೆ. ಎಎಫ್‌ಎಲ್ ಆಟಗಾರರೇ 12 ದಿನಕ್ಕೆ ಮರಳುತ್ತಾರಲ್ಲ? ಎರಡು ವಾರದಲ್ಲಿ ಕ್ಲಬ್ಬುಗಳ ಆಯ್ಕೆದಾರರು ಅವನ ಪಂದ್ಯ ನೋಡಲು ಬರುವವರಿದ್ದಾರೆ.

ಉತ್ತರ: ಆಡಿಸಬೇಡಿ. ನಿಮ್ಮ ವೈದ್ಯರು ಹೇಳಿದ್ದು ಸರಿಯಾಗಿದೆ, ಬೇರೆ ಉತ್ತರ ಸಿಗಬಹುದೆಂದು ಇನ್ನೊಬ್ಬ ವೈದ್ಯರನ್ನು ಹುಡುಕಿಕೊಂಡು ಹೋಗಬೇಡಿ.

ಸಿಟಿ ಸ್ಕ್ಯಾನ್ ತೋರಿಸುವುದು ರಕ್ತಸ್ರಾವವನ್ನು ಮತ್ತು ಮೂಳೆ ಮುರಿತವನ್ನು. ಕನ್ಕಷನ್‌ನಲ್ಲಿ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ; ತಲೆ ಒಮ್ಮೆಲೇ ಅಲುಗಿದ ರಭಸಕ್ಕೆ ಮೆದುಳಿನ ನರಕೋಶಗಳ ಕೆಲಸ ಏರುಪೇರಾಗಿ, ಅವುಗಳಿಗೆ ಬೇಕಾದ ಶಕ್ತಿಯ ಪೂರೈಕೆ ಕುಗ್ಗಿರುತ್ತದೆ, ಆದ್ದರಿಂದ ಸ್ಕ್ಯಾನ್ ಸರಿಯಾಗಿದೆ ಎಂಬ ಮಾತು ಕನ್ಕಷನ್ ಆಗಿಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಪ್ರಜ್ಞೆ ತಪ್ಪದಿರುವುದೂ ಸಾಕ್ಷಿಯಲ್ಲ, ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ.

ಎರಡು ಚಳಿಗಾಲದ ಹಿಂದೆ ಹುಡುಗನೊಬ್ಬನನ್ನು ಮೈದಾನದ ಗೆರೆಯಾಚೆ ಕೂರಿಸಿ ಪರೀಕ್ಷಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಮೊಣಕಾಲಿಗೆ ಕೆಸರು ಮೆತ್ತಿತ್ತು, ಮುಖದಲ್ಲಿ ನಗುವಿತ್ತು, ತನಗೇನೂ ಆಗಿಲ್ಲ, ಒಳಗೆ ಬಿಡಿ ಎಂದು ಬೇಡುತ್ತಿದ್ದ. ಅಂಕ ಎಷ್ಟಾಗಿದೆ, ಎದುರಾಳಿ ಯಾರು ಎಂಬುದನ್ನೆಲ್ಲ ಸರಿಯಾಗಿಯೇ ಹೇಳಿದ. ತಿಂಗಳುಗಳನ್ನು ಹಿಂದಿನಿಂದ ಹೇಳು ಎಂದೆ. ‘ಡಿಸೆಂಬರ್, ನವೆಂಬರ್, ಸೆಪ್ಟೆಂಬರ್’ ಎಂದವನು ತಡೆದು ನಿಂತು, ಮತ್ತೆ ‘ನವೆಂಬರ್’ ಎಂದ. ತಾನು ತಪ್ಪಿದ್ದೇನೆಂಬುದು ಅವನಿಗೆ ಗೊತ್ತೇ ಆಗಲಿಲ್ಲ. ತಲೆನೋವು ಇಲ್ಲ ಎಂಬ ಹುಡುಗನ ಮಾತನ್ನಷ್ಟೇ ನಂಬಿ ನಾನು ಯಾರಿಗೂ ಅನುಮತಿ ಕೊಡದಿರುವುದು ಇದಕ್ಕಾಗಿಯೇ. ಪಂದ್ಯ ಕಳೆದುಕೊಳ್ಳುವ ಭಯಕ್ಕೆ ನೋವನ್ನು ಮುಚ್ಚಿಡುವವರಿದ್ದಾರೆ. ಋತುವಿನ ಆರಂಭದಲ್ಲಿ ಮಾಡುವ ನೆನಪಿನ ಪರೀಕ್ಷೆಯಲ್ಲಿ ಬೇಕೆಂದೇ ಕಡಿಮೆ ಅಂಕ ಪಡೆದು, ಮುಂದೆ ಪೆಟ್ಟು ಬಿದ್ದಾಗ ವ್ಯತ್ಯಾಸ ಕಾಣದಂತೆ ಮಾಡಿಕೊಳ್ಳುವವರೂ ಇದ್ದಾರೆ. ಈ ಉಪಾಯವನ್ನು ಮಕ್ಕಳಿಗೆ ಹೇಳಿಕೊಡುವ ದೊಡ್ಡವರ ಬಗ್ಗೆ ನನಗೆ ಕಿಂಚಿತ್ತೂ ಗೌರವವಿಲ್ಲ.

ಇನ್ನು 12 ಮತ್ತು 21ರ ಲೆಕ್ಕ. ಎಎಫ್‌ಎಲ್ 2021ರಲ್ಲಿ ತನ್ನ ಆಟಗಾರರಿಗೆ ನಿಗದಿಪಡಿಸಿದ 12 ದಿನ ಎಂಬುದು ಅತಿ ಕಡಿಮೆ ಅವಧಿಯೇ ಹೊರತು ಎಲ್ಲರೂ ಮುಟ್ಟಬೇಕಾದ ಗುರಿಯಲ್ಲ. ಅಲ್ಲಿನ ಆಟಗಾರನನ್ನು ಕ್ಲಬ್ಬಿನ ವೈದ್ಯರು ಮತ್ತು ಫಿಸಿಯೊಗಳು ದಿನವೂ ನೋಡುತ್ತಿರುತ್ತಾರೆ. ನಿಮ್ಮ ಮಗನನ್ನು ಹಾಗೆ ದಿನವೂ ನೋಡುವವರು ಯಾರಿದ್ದಾರೆ? ಅದಲ್ಲದೆ ಬೆಳೆಯುತ್ತಿರುವ ಮೆದುಳು ಚೇತರಿಸಿಕೊಳ್ಳಲು ಹೆಚ್ಚು ಕಾಲ ಬೇಕು. ಆದ್ದರಿಂದಲೇ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2024ರಲ್ಲಿ ಹೊರತಂದ ಮಾರ್ಗಸೂಚಿ ಕಿರಿಯರಿಗೂ ಸ್ಥಳೀಯ ಮಟ್ಟದ ಆಟಗಾರರಿಗೂ ಎರಡು ಷರತ್ತು ಹಾಕಿತು: ಮೈಗೆ ಮೈ ತಾಗುವ ಅಭ್ಯಾಸಕ್ಕೆ ಇಳಿಯುವ ಮುನ್ನ ವಿಶ್ರಾಂತಿಯಲ್ಲಿರುವಾಗ ಸತತ 14 ದಿನ ಯಾವ ಲಕ್ಷಣವೂ ಇರಬಾರದು, ಪಂದ್ಯಕ್ಕೆ ಮರಳುವುದು ಪೆಟ್ಟು ಬಿದ್ದ ದಿನದಿಂದ 21 ದಿನಕ್ಕಿಂತ ಮೊದಲಾಗಬಾರದು. ಏಳನೆಯ ದಿನ ಸುಮ್ಮನೆ ಕೂತಿದ್ದಾಗಲೂ ತಲೆ ಸುತ್ತಿದರೆ ಆ 14 ದಿನಗಳ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಹಾಗೆಂದು ಮೂರು ವಾರ ಕತ್ತಲ ಕೋಣೆಯಲ್ಲಿ ಮಲಗಿಸಬೇಕಾಗಿಲ್ಲ. ಮೊದಲ ಒಂದೆರಡು ದಿನ ವಿಶ್ರಾಂತಿ ಕೊಟ್ಟು ಮೊಬೈಲು ದೂರವಿಡಿ, ಆಮೇಲೆ ನಡಿಗೆ, ಲಘು ಓಟ, ಒಂಟಿಯಾಗಿ ಚೆಂಡು ಒದೆಯುವುದು ಎಂದು ಹಂತಹಂತವಾಗಿ ಏರಿಸಿ. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಕತ್ತುನೋವು, ಕೈಕಾಲಿನಲ್ಲಿ ಜೋಮು, ಅತಿಯಾದ ಮಂಪರು, ಇವುಗಳಲ್ಲಿ ಯಾವುದು ಕಂಡರೂ ನನಗೆ ಪತ್ರ ಬರೆಯುತ್ತಾ ಕೂರದೆ ತುರ್ತು ಸಂಖ್ಯೆ 000ಗೆ ಕರೆ ಮಾಡಿ.

ಈಗ ವೃತ್ತಿಯ ಮಾತಿಗೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದ ನಿಜವಾದ ಆತಂಕ ಅದೇ. 2014ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಪ್ಯಾಡಿ ಮೆಕಾರ್ಟಿನ್ ಮತ್ತೆ ಮತ್ತೆ ಕನ್ಕಷನ್‌ಗೆ ಒಳಗಾಗಿ ಸೇಂಟ್ ಕಿಲ್ಡಾ ಕ್ಲಬ್ಬಿನಿಂದ ಹೊರಬಿದ್ದರು. 2022ರಲ್ಲಿ ಸಿಡ್ನಿ ತಂಡದಲ್ಲಿ ಎದ್ದು ನಿಂತರಾದರೂ ಮರುವರ್ಷ ಇನ್ನೊಂದು ಪೆಟ್ಟು ಬಿದ್ದು 27ನೇ ವಯಸ್ಸಿಗೇ ನಿವೃತ್ತರಾದರು. ಮೆಲ್ಬರ್ನ್ ಕ್ಲಬ್ಬಿನ ಆ್ಯಂಗಸ್ ಬ್ರೇಶಾ 2023ರ ಸೆಪ್ಟೆಂಬರಿನ ಫೈನಲ್ಸ್ ಪಂದ್ಯದಲ್ಲಿ ಪ್ರಜ್ಞೆ ತಪ್ಪಿ ಬಿದ್ದವರು ಮತ್ತೆ ಪಂದ್ಯ ಆಡಲೇ ಇಲ್ಲ. 2024ರ ಫೆಬ್ರುವರಿಯಲ್ಲಿ ವೈದ್ಯರ ಸಲಹೆಯಂತೆ 28ನೇ ವಯಸ್ಸಿನಲ್ಲಿ ಆಟ ಬಿಟ್ಟರು. ಹಿಂದಿನ ಆಟಗಾರರಾದ ಪಾಲಿ ಫಾರ್ಮರ್, ಡ್ಯಾನಿ ಫ್ರಾಲಿ, ಶೇನ್ ಟಕ್, ಮಹಿಳೆಯರ ಲೀಗಿನ ಹೆದರ್ ಆ್ಯಂಡರ್ಸನ್ ಅವರ ಮೆದುಳನ್ನು ಮರಣಾನಂತರ ಪರೀಕ್ಷಿಸಿದಾಗ ಸಿಟಿಇ ಎಂಬ ಕಾಯಿಲೆ ಕಂಡುಬಂತು. ತಲೆಗೆ ವರ್ಷಾನುಗಟ್ಟಲೆ ಪದೇ ಪದೇ ಬೀಳುವ ಪೆಟ್ಟಿನೊಂದಿಗೆ ನಂಟಿರುವ ಈ ಕಾಯಿಲೆಯನ್ನು ಬದುಕಿರುವಾಗ ಖಚಿತವಾಗಿ ಪತ್ತೆಹಚ್ಚಲು ಇಂದಿಗೂ ಆಗುವುದಿಲ್ಲ. ಒಂದು ಕನ್ಕಷನ್‌ನಿಂದ ನಿಮ್ಮ ಮಗನಿಗೆ ಇದು ಬಂದೀತು ಎಂದು ನಾನು ಹೇಳುತ್ತಿಲ್ಲ. ಮೊದಲನೆಯದು ಮಾಯುವ ಮುನ್ನ ಎರಡನೆಯದು ಬೀಳದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ ಎನ್ನುತ್ತಿದ್ದೇನೆ.

ಆಯ್ಕೆದಾರರು ಒಂದು ಪಂದ್ಯ ನೋಡಿ ತೀರ್ಮಾನಿಸುವವರಲ್ಲ, ಇಡೀ ಋತುವಿನ ವಿಡಿಯೋ ಅವರ ಬಳಿ ಇರುತ್ತದೆ. ಕೋಚ್ ಮೂಲಕ ವಿಷಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿ. ಈ ವರ್ಷ ತಪ್ಪಿದರೂ ಬಾಗಿಲು ಮುಚ್ಚುವುದಿಲ್ಲ: ಮಾರ್ಲಿಯನ್ ಪಿಕೆಟ್ ಅವರನ್ನು ರಿಚ್ಮಂಡ್ ಕ್ಲಬ್ 2019ರ ನಡು ಋತುವಿನ ಡ್ರಾಫ್ಟ್‌ನಲ್ಲಿ ತೆಗೆದುಕೊಂಡಾಗ ಅವರಿಗೆ 27 ವರ್ಷ, ಅದೇ ವರ್ಷದ ಗ್ರ್ಯಾಂಡ್ ಫೈನಲ್ಲೇ ಅವರ ಮೊದಲ ಪಂದ್ಯ, ಅದನ್ನು ಗೆದ್ದೂ ಬಂದರು.

ಪ್ರಶ್ನೆ: ಹೆಲ್ಮೆಟ್ ಹಾಕಿಸಿದರೆ ಬೇಗ ಆಡಿಸಬಹುದೇ?

ಉತ್ತರ: ಇಲ್ಲ. ಮೆತ್ತನೆಯ ಹೆಲ್ಮೆಟ್ ಚರ್ಮ ತರಚುವುದನ್ನು ತಡೆದೀತು, ಬುರುಡೆಯೊಳಗೆ ಮೆದುಳು ಅಲುಗುವುದನ್ನು ತಡೆಯದು. ಬ್ರೇಶಾ ಹೆಲ್ಮೆಟ್ ಧರಿಸಿಯೇ ಆಡುತ್ತಿದ್ದವರು.

ಪ್ರಶ್ನೆ: ರಜೆಗೆ ಊರಿಗೆ ಹೋದಾಗ ಕತ್ತಿನ ನರ ಎಳೆದು ಸರಿಪಡಿಸುವವರಿಗೆ ತೋರಿಸಬೇಕೆಂದಿದ್ದೇವೆ. ತಲೆಗೆ ಬ್ರಾಹ್ಮಿ ಎಣ್ಣೆ ಹಚ್ಚಬಹುದೇ?

ಉತ್ತರ: ಎಣ್ಣೆ ಹಚ್ಚಿ, ಅಜ್ಜಿಗೆ ಸಮಾಧಾನವಾಗುತ್ತದೆ, ಆದರೆ ಅದನ್ನು ಚಿಕಿತ್ಸೆ ಎಂದುಕೊಳ್ಳಬೇಡಿ. ಕತ್ತು ತಿರುಗಿಸುವವರ ಹತ್ತಿರ ಮಾತ್ರ ಖಂಡಿತ ಹೋಗಬೇಡಿ. ತಲೆಗೆ ಬಿದ್ದ ಪೆಟ್ಟು ಕತ್ತಿಗೂ ತಾಗಿರಬಹುದು. ಅಂಥ ಕತ್ತನ್ನು ರಭಸದಿಂದ ತಿರುಗಿಸಿದಾಗ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವ ಅಪಾಯವಿದೆ. ‘ನಾವು ಸಾವಿರ ಜನರಿಗೆ ಮಾಡಿದ್ದೇವೆ’ ಎನ್ನುವವರು, ಮಾಡಿಸಿಕೊಂಡು ಹೋದವರು ಆಮೇಲೆ ಏನಾದರೆಂದು ವಿಚಾರಿಸಿರುವುದಿಲ್ಲ.

ಪ್ರಶ್ನೆ: ಫುಟಿ ಎಂದರೆ ರಗ್ಬಿಯೇ ಅಲ್ಲವೇ?

ಉತ್ತರ: ಅಲ್ಲ. ಮಗನ ಒಂದು ಪಂದ್ಯಕ್ಕೆ ಹೋಗಿ ನಾಲ್ಕು ಕ್ವಾರ್ಟರ್ ಕೂತು ನೋಡಿ.

ಪ್ರಶ್ನೆ: ಜಿಮ್ಮಿನಲ್ಲಿ ಒಬ್ಬರು, ಬೇಗ ಚೇತರಿಸಿಕೊಳ್ಳಲು ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಣುಕಿನಂಥ ವಸ್ತು) ಇಂಜೆಕ್ಷನ್ ಕೊಡುತ್ತೇವೆ, ಎಲ್ಲ ದೊಡ್ಡ ಆಟಗಾರರೂ ತೆಗೆದುಕೊಳ್ಳುತ್ತಾರೆ ಎನ್ನುತ್ತಿದ್ದಾರೆ.

ಉತ್ತರ: ಆ ಜಿಮ್ಮನ್ನು ಇಂದೇ ಬಿಡಿಸಿ. ಎಸೆಂಡನ್ ಕ್ಲಬ್ಬಿನಲ್ಲಿ 2012ರಲ್ಲಿ ನಡೆದ ಇಂಜೆಕ್ಷನ್ ಪ್ರಕರಣದಲ್ಲಿ, ಥೈಮೋಸಿನ್ ಬೀಟಾ-4 ಎಂಬ ನಿಷೇಧಿತ ಪೆಪ್ಟೈಡ್ ವಿಚಾರವಾಗಿ, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2016ರ ಜನವರಿಯಲ್ಲಿ 34 ಆಟಗಾರರನ್ನು ತಪ್ಪಿತಸ್ಥರೆಂದು ಘೋಷಿಸಿತು. ಕ್ಲಬ್ಬಿನವರು ಹೇಳಿದ್ದಕ್ಕೆ ತೆಗೆದುಕೊಂಡೆವು ಎಂಬ ಮಾತು ಅವರನ್ನು ಉಳಿಸಲಿಲ್ಲ. ನಾಯಕ ಜೋಬ್ ವಾಟ್ಸನ್ 2012ರ ಋತುವಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್ಲೋ ಪದಕವನ್ನೇ ಕಳೆದುಕೊಂಡರು. ನಿಮ್ಮ ಮಗ ಈಗಾಗಲೇ ಒಂದು ಡೋಸ್ ತೆಗೆದುಕೊಂಡಿದ್ದರೆ ಬಾಟಲಿಯನ್ನು ಎಸೆಯದೆ, ಅದನ್ನು ಹಿಡಿದುಕೊಂಡೇ ತಂಡದ ವೈದ್ಯರನ್ನು ಕಂಡು, ಯಾವ ದಿನ ಎಷ್ಟು ತೆಗೆದುಕೊಂಡನೆಂಬುದನ್ನು ಬರೆಸಿ ಬನ್ನಿ.