ಕಾರ್ಡಿನ ಮೇಲೆ 2031 ಅಂತಿದೆ, ವಿಮಾನ ಹತ್ತೋಕೆ ಮಾತ್ರ ಬಿಡಲಿಲ್ಲ

ಓದುಗರ ಪತ್ರ: ನಾನು ಡಲ್ಲಾಸ್‌ನಲ್ಲಿದ್ದೇನೆ, ಅಮೆರಿಕದ ಸಿಟಿಜನ್. ಹೆಂಡತಿಗೆ ಗ್ರೀನ್ ಕಾರ್ಡ್ ಇದೆ. ತಮ್ಮನ ಮದುವೆಗೆಂದು ತಿಪಟೂರಿಗೆ ಹೋದಳು. ಆರು ವಾರಕ್ಕೆ ರಿಟರ್ನ್ ಟಿಕೆಟ್ ಇತ್ತು. ಮದುವೆಯಾದ ಮರುವಾರ ಸ್ಕೂಟರ್ ಅಪಘಾತವಾಗಿ ತೊಡೆ ಮೂಳೆ ಮುರಿಯಿತು. ರಾಡ್ ಹಾಕಿದರು, ಸೋಂಕಾಯಿತು, ಮತ್ತೆ ಆಪರೇಷನ್. ಹದಿನೈದು ತಿಂಗಳ ಮೇಲೆ ಹೊರಟರೆ ಬೆಂಗಳೂರು ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿನಲ್ಲೇ ತಡೆದರು. ಕಾರ್ಡಿನ ಮೇಲೆ 2031ರವರೆಗೆ ಅಂತಿದೆಯಲ್ಲ? ಈಗ ಟ್ರಾವೆಲ್ ಏಜೆಂಟ್ ಟೂರಿಸ್ಟ್ ವೀಸಾ ಹಾಕಿಬಿಡಿ ಅಂತಿದ್ದಾರೆ. ಏನು ಮಾಡಲಿ?

ಸಂಪಾದಕರ ಉತ್ತರ:

ಮೊದಲು ಏಜೆಂಟರ ಮಾತು ಬಿಡಿ. ಟೂರಿಸ್ಟ್ ವೀಸಾ ಕೇಳಬೇಕಾದರೆ ನಿಮ್ಮ ಹೆಂಡತಿ ಕಾನ್ಸುಲೇಟಿನಲ್ಲಿ ನಿಂತು "ನನ್ನ ಮನೆ ತಿಪಟೂರು, ಅಮೆರಿಕಕ್ಕೆ ಸುಮ್ನೆ ನೋಡಿಕೊಂಡು ಬರೋಕೆ ಹೋಗುತ್ತಿದ್ದೇನೆ" ಅನ್ನಬೇಕು. ಗಂಡ, ಮನೆ ಎಲ್ಲ ಡಲ್ಲಾಸ್‌ನಲ್ಲಿ ಇಟ್ಟುಕೊಂಡು ಆ ಮಾತು ಹೇಳಿದರೆ ಯಾರು ನಂಬುತ್ತಾರೆ? ನಂಬಿದರೆ ಇನ್ನೂ ಕಷ್ಟ. ಆಗ ಗ್ರೀನ್ ಕಾರ್ಡನ್ನು ತಾವೇ ಬಿಟ್ಟುಕೊಟ್ಟ ಹಾಗಾಗುತ್ತದೆ. ಐ-407 ಅನ್ನುವ ಫಾರ್ಮ್ ಇದೆ. ಗ್ರೀನ್ ಕಾರ್ಡನ್ನು ಸ್ವಇಚ್ಛೆಯಿಂದ ವಾಪಸ್ ಕೊಡುವ ಪತ್ರ ಅದು. ಯಾರೇ ಮುಂದೆ ಚಾಚಿದರೂ, ಏರ್‌ಪೋರ್ಟಿನ ಅಧಿಕಾರಿಯೇ ಆಗಲಿ, ಪೂರ್ತಿ ಅರ್ಥವಾಗದೆ ಅದಕ್ಕೆ ಸಹಿ ಹಾಕಬಾರದು. ಅದನ್ನು ಒಪ್ಪದೆ ಇಮಿಗ್ರೇಷನ್ ನ್ಯಾಯಾಧೀಶರ ಮುಂದೆ ವಾದಿಸುವ ಹಕ್ಕು ಗ್ರೀನ್ ಕಾರ್ಡ್ ಇರುವವರಿಗಿದೆ.

ಇನ್ನು 2031ರ ವಿಷಯ. ಅದು ಪ್ಲಾಸ್ಟಿಕ್ ಕಾರ್ಡಿನ ಆಯಸ್ಸು, ಅಷ್ಟೇ. ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದರೆ ಆ ಕಾರ್ಡು ಒಳಗೆ ಬರುವ ದಾಖಲೆಯಾಗಿ ನಡೆಯುವುದಿಲ್ಲ. ಅಂಥವರನ್ನು ಕರೆದುಕೊಂಡು ಹೋದರೆ ವಿಮಾನ ಕಂಪನಿಗೇ ದಂಡ ಬೀಳುತ್ತದೆ. ಕೌಂಟರಿನಲ್ಲಿದ್ದ ಹುಡುಗಿ ತಡೆದದ್ದು ಅದಕ್ಕೇ, ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಆದರೆ ಕಾರ್ಡು ಕೆಲಸ ಮಾಡಲಿಲ್ಲ ಅಂದ ಮಾತ್ರಕ್ಕೆ ಅವರ ರೆಸಿಡೆನ್ಸಿ, ಅಂದರೆ ಅಮೆರಿಕದಲ್ಲಿ ಕಾಯಂ ನೆಲೆಸುವ ಹಕ್ಕು, ತಾನಾಗಿ ರದ್ದಾಗಿಲ್ಲ. ಅದು ಹೋಗುವುದು ಅವರೇ ಬಿಟ್ಟುಕೊಟ್ಟಾಗ ಅಥವಾ ನ್ಯಾಯಾಧೀಶರ ಅಂತಿಮ ಆದೇಶ ಬಂದಾಗ. ನಿಮ್ಮ ಕೇಸು ಉಸಿರಾಡುತ್ತಿರುವುದು ಈ ಸಂದಿಯಲ್ಲೇ.

ಹೀಗೆ ಸಿಕ್ಕಿಕೊಂಡವರಿಗೆಂದೇ ಇರುವ ವೀಸಾದ ಹೆಸರು ಎಸ್‌ಬಿ-1, ಅಂದರೆ ರಿಟರ್ನಿಂಗ್ ರೆಸಿಡೆಂಟ್ ವೀಸಾ. ಡಿಎಸ್-117 ಫಾರ್ಮ್ ತುಂಬಿ, 180 ಡಾಲರ್ ಕಟ್ಟಿ, ಕಾನ್ಸುಲೇಟಿನಲ್ಲಿ ಇಂಟರ್‌ವ್ಯೂಗೆ ಕೂರಬೇಕು. ಒಪ್ಪಿದರೆ ಮತ್ತೆ ಮೆಡಿಕಲ್, ಮತ್ತೆ ವೀಸಾ ಅರ್ಜಿ, ಮತ್ತೆ ಫೀಸು. ಭಾರತದಲ್ಲಿ ಇಮಿಗ್ರೆಂಟ್ ವೀಸಾದ ಕೆಲಸ ಬಹುಪಾಲು ಮುಂಬೈಯಲ್ಲಿ ನಡೆಯುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ನಮ್ಮವರೆಲ್ಲ ಖುಷಿಪಟ್ಟರು, ಆದರೆ ಅವತ್ತು ಅಲ್ಲಿ ವೀಸಾ ಕೌಂಟರೇ ಇರಲಿಲ್ಲ. ಹಾಗಾಗಿ ಕಾಲು ನೋವಿರುವವರನ್ನು ಎಲ್ಲಿಗೆ ಕರೆದೊಯ್ಯಬೇಕು ಅಂತ ಕಾನ್ಸುಲೇಟಿಗೆ ಬರೆದು ಖಚಿತ ಮಾಡಿಕೊಂಡೇ ರೈಲೋ ವಿಮಾನವೋ ಬುಕ್ ಮಾಡಿ.

ಅಲ್ಲಿ ಅಧಿಕಾರಿ ನೋಡುವುದು ಮೂರು ಸಂಗತಿ. ಹೊರಟಾಗ ಗ್ರೀನ್ ಕಾರ್ಡ್ ಇತ್ತೇ, ವಾಪಸ್ ಬರುವ ಮನಸ್ಸಿನಿಂದಲೇ ಹೊರಟಿದ್ದರೇ ಮತ್ತು ಆ ಮನಸ್ಸು ಮಧ್ಯೆ ಬದಲಾಗಲಿಲ್ಲವೇ, ತಡವಾಗಿದ್ದು ಅವರ ಕೈಮೀರಿದ ಕಾರಣಕ್ಕೇ. ಮೊದಲನೆಯದಕ್ಕೆ ಕಾರ್ಡೇ ಸಾಕ್ಷಿ. ಎರಡನೆಯದಕ್ಕೆ ನಿಮ್ಮ ಹತ್ತಿರ ಇರುವ ದೊಡ್ಡ ಆಸ್ತಿ ಆ ಆರು ವಾರದ ರಿಟರ್ನ್ ಟಿಕೆಟ್. ಕ್ಯಾನ್ಸಲ್ ಆದ ಟಿಕೆಟ್ ಅಂತ ಡಿಲೀಟ್ ಮಾಡಿದ್ದರೆ ಇಮೇಲ್ ಜಾಲಾಡಿ ಹುಡುಕಿ. ಜತೆಗೆ ಅಲ್ಲಿಯ ಡ್ರೈವಿಂಗ್ ಲೈಸೆನ್ಸ್, ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಅಥವಾ ಮನೆಸಾಲದ ಕಾಗದ, ಕೆಲಸದಲ್ಲಿದ್ದರೆ ರಜೆಯ ಪತ್ರ. ಎಲ್ಲಕ್ಕಿಂತ ಮುಖ್ಯ ಟ್ಯಾಕ್ಸ್. ಅವರು ಇಲ್ಲದ ವರ್ಷದ ರಿಟರ್ನ್‌ನಲ್ಲಿ ಅವರನ್ನು ರೆಸಿಡೆಂಟ್ ಅಂತಲೇ ತೋರಿಸಿದ್ದೀರಾ? ಯಾರೋ ಅಕೌಂಟೆಂಟ್ ನಾಲ್ಕು ಕಾಸು ಉಳಿಸಲು ನಾನ್-ರೆಸಿಡೆಂಟ್ ಅಂತ ಹಾಕಿದ್ದರೆ ಅದು ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಹಾಗಾಗಿದ್ದರೆ ಫಾರ್ಮ್ ತುಂಬುವ ಮುಂಚೆಯೇ ವಕೀಲರಿಗೆ ತೋರಿಸಿ.

ಮೂರನೆಯದರಲ್ಲೇ ಜನ ಎಡವುವುದು. ಅಪಘಾತ ಯಾರ ಕೈಯಲ್ಲೂ ಇಲ್ಲ, ನಿಜ. ಆದರೆ ಆ ಒಂದು ದಿನ ಹದಿನೈದು ತಿಂಗಳಿಗೆ ಉತ್ತರ ಕೊಡುವುದಿಲ್ಲ. ಕೋವಿಡ್ ಕಾಲವನ್ನೇ ನೆನಪಿಸಿಕೊಳ್ಳಿ. 2020ರ ಮಾರ್ಚ್ 23ರಿಂದ ವಿದೇಶಿ ವಿಮಾನಗಳು ನಿಂತವು. ಮೇ 7ಕ್ಕೆ ಸಿಕ್ಕಿಹಾಕಿಕೊಂಡವರನ್ನು ಸಾಗಿಸಲು ಸರ್ಕಾರದ ವಂದೇ ಭಾರತ್ ವಿಮಾನ ಶುರುವಾದವು, ಜುಲೈಯಲ್ಲಿ ಅಮೆರಿಕದ ಜತೆ ಏರ್ ಬಬಲ್, ಅಂದರೆ ಎರಡು ದೇಶಗಳ ನಡುವೆ ಮಾತ್ರ ವಿಮಾನ ಬಿಡುವ ಒಪ್ಪಂದ ಬಂತು. ಅದಾದ ಮೇಲೂ ವರ್ಷಗಟ್ಟಲೆ ಇಲ್ಲೇ ಉಳಿದವರು "ಕೋವಿಡ್ ಇತ್ತು ಸಾರ್" ಅಂದರೆ ಸಾಕಾಗುತ್ತಿರಲಿಲ್ಲ. ನಿಮ್ಮ ಹೆಂಡತಿಯ ವಿಷಯದಲ್ಲೂ ಪ್ರತಿ ತಿಂಗಳಿಗೂ ಒಂದು ಕಾರಣ, ಆ ಕಾರಣಕ್ಕೊಂದು ಕಾಗದ ಬೇಕು. ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ, ಸೋಂಕು ಪತ್ತೆಯಾದ ಲ್ಯಾಬ್ ವರದಿ, ಎರಡನೇ ಆಪರೇಷನ್, ಎಕ್ಸ್‌ರೇಗಳು, ಫಿಸಿಯೋಥೆರಪಿಗೆ ಹೋದ ದಿನಗಳ ಪುಸ್ತಕ, ತಾರೀಖು ಇರುವ ಮೆಡಿಕಲ್ ಶಾಪಿನ ಬಿಲ್ಲು. ನಮ್ಮ ಡಾಕ್ಟರುಗಳು ಅರ್ಧ ಸಾಲಿನಲ್ಲಿ "ರೆಸ್ಟ್ ಅಡ್ವೈಸ್ಡ್" ಅಂತ ಗೀಚಿಕೊಡುತ್ತಾರಲ್ಲ, ಅದು ಇಲ್ಲಿ ನಡೆಯೋದಿಲ್ಲ. ಯಾವ ದಿನದಿಂದ ಯಾವ ದಿನದವರೆಗೆ ದೂರದ ವಿಮಾನ ಪ್ರಯಾಣ ಬೇಡ ಅಂದೆ, ಯಾಕೆ ಬೇಡ ಅಂದೆ, ಯಾವತ್ತು ಹೊರಡಬಹುದು ಅಂದೆ ಅಂತ ಲೆಟರ್‌ಹೆಡ್ಡಿನಲ್ಲಿ ಬರೆಸಿ. ಆ ಕೊನೆಯ ತಾರೀಖಿಗೂ ನೀವು ಟಿಕೆಟ್ ಕೊಂಡ ತಾರೀಖಿಗೂ ಎಷ್ಟು ಅಂತರ? ನಿಮ್ಮ ಪತ್ರದಲ್ಲಿ ಅದಿಲ್ಲ, ಇಂಟರ್‌ವ್ಯೂನಲ್ಲಿ ಮಾತ್ರ ಖಂಡಿತ ಅದನ್ನು ಕೇಳುತ್ತಾರೆ ಅಂದುಕೊಂಡೇ ಹೋಗಿ.

ಒಂದು ಅನುಮಾನ ನಮಗಿದೆ. ಅಪಘಾತ ಅಂದಮೇಲೆ ಪೊಲೀಸ್ ಎಫ್‌ಐಆರ್ ಆಗಿರುತ್ತದೆ, ಊರಿನ ವಕೀಲರೊಬ್ಬರು ಪರಿಹಾರಕ್ಕೆ ಕ್ಲೇಮ್ ಕೂಡ ಹಾಕಿರಬಹುದು. ಆ ಅರ್ಜಿಯನ್ನೊಮ್ಮೆ ಓದಿ. "ಅರ್ಜಿದಾರರು ತಿಪಟೂರಿನಲ್ಲೇ ವಾಸವಾಗಿದ್ದು, ಟೈಲರಿಂಗ್ ಮಾಡಿ ತಿಂಗಳಿಗೆ ಇಷ್ಟು ಸಂಪಾದಿಸುತ್ತಿದ್ದರು" ಅಂತ ಹಳೇ ಅರ್ಜಿಯ ಸಾಲನ್ನೇ ಎತ್ತಿ ಹಾಕಿದ್ದರೆ? ಒಂದು ಕಡೆ ಮನೆ ತಿಪಟೂರು, ಇನ್ನೊಂದು ಕಡೆ ಡಲ್ಲಾಸ್ ಅಂದ ಹಾಗಾಗುತ್ತದೆ. ಸುಳ್ಳಿದ್ದರೆ ಕೋರ್ಟಿನಲ್ಲಿ ತಿದ್ದುಪಡಿಗೆ ಹಾಕಿಸಿ, ಮುಚ್ಚಿಡಲು ಹೋಗಬೇಡಿ. ಎಫ್‌ಐಆರ್ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ, ಅನುವಾದಕರ ಸಹಿ ಮಾಡಿದ ದೃಢೀಕರಣ ಎರಡೂ ಇರಲಿ.

ಸಿಗುತ್ತದಾ ಅಂತ ಕೇಳುತ್ತೀರಿ. ವಯಸ್ಸಾದ ಅಪ್ಪ-ಅಮ್ಮನ ಆರೈಕೆಗೆ ನಿಂತವರಿಗಿಂತ ನಿಮ್ಮ ಕೇಸು ಗಟ್ಟಿ ಅನ್ನುವುದು ನಮ್ಮ ಅಭಿಪ್ರಾಯ. ಅವರ ಕಷ್ಟ ಸಣ್ಣದಂತಲ್ಲ. ಅಲ್ಲಿ "ಬೇರೆ ಯಾರೂ ಇರಲಿಲ್ಲವಾ" ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಇಲ್ಲಿ ಮುರಿದದ್ದು ಅವರದೇ ಕಾಲು. ಆದರೂ ತೀರ್ಮಾನ ಅಧಿಕಾರಿಯದು. ತಿರಸ್ಕರಿಸಿದರೆ ಮೇಲ್ಮನವಿಗೆ ದಾರಿಯಿಲ್ಲ, ಕಟ್ಟಿದ ಹಣವೂ ವಾಪಸ್ ಬರುವುದಿಲ್ಲ.

ಹಾಗಾದರೂ ನೀವು ಕೈಚೆಲ್ಲಬೇಕಿಲ್ಲ, ಯಾಕೆಂದರೆ ನೀವು ಸಿಟಿಜನ್. ಐ-130 ಅರ್ಜಿ ಹಾಕಿ ಹೆಂಡತಿಯನ್ನು ಹೊಸದಾಗಿ ಕರೆಸಿಕೊಳ್ಳಬಹುದು. ಸಿಟಿಜನ್‌ಗಳ ಗಂಡ-ಹೆಂಡತಿಗೆ ವರ್ಷಕ್ಕಿಷ್ಟೇ ವೀಸಾ ಅನ್ನುವ ಮಿತಿ ಇಲ್ಲ. ನಿಮ್ಮ ಹತ್ತಿರವೂ ಗ್ರೀನ್ ಕಾರ್ಡ್ ಮಾತ್ರ ಇದ್ದಿದ್ದರೆ ಎಫ್2ಎ ಅನ್ನುವ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು. ಸಾಲಿಲ್ಲದಿದ್ದರೂ ಕಾಗದ ಓಡಾಡುವಷ್ಟರಲ್ಲಿ ಸಾಮಾನ್ಯವಾಗಿ ವರ್ಷ ದಾಟುತ್ತದೆ. ಎರಡನ್ನೂ ಒಟ್ಟಿಗೆ ಹಾಕಬಹುದಾ? ಹಾಕಬಹುದು. ಆದರೆ ಹೊಸದಾಗಿ ಕೇಳಿದರೆ ಹಳೆಯದನ್ನು ಬಿಟ್ಟಿದ್ದೀರಿ ಅಂತ ಅರ್ಥ ಬಂದೀತು ಅನ್ನುವ ಅಂಜಿಕೆಯೂ ಇದೆ. ನಾವಾದರೆ ಮೊದಲು ಎಸ್‌ಬಿ-1 ಹಾಕಿ, ಐ-130ರ ಕಾಗದಗಳನ್ನು ಜೋಡಿಸಿಟ್ಟುಕೊಂಡು, ಆಗೋದಿಲ್ಲ ಅಂದ ಮರುದಿನವೇ ಸಲ್ಲಿಸುತ್ತೇವೆ. ನಿಮ್ಮ ವಕೀಲರು ಬೇರೆ ಹೇಳಿದರೆ ಅವರ ಮಾತು ಕೇಳಿ. ಪೂರ್ತಿ ಫೈಲು ನೋಡುವವರು ಅವರು, ನಾವು ಓದಿದ್ದು ಒಂದು ಪುಟದ ಪತ್ರ.

ಈ ಪುಟ ಓದುತ್ತಿರುವ ಬೇರೆಯವರಿಗೂ ಎರಡು ಮಾತು. ಊರಿಗೆ ಬಂದು ಇನ್ನೂ ವರ್ಷ ತುಂಬದವರು ತುಂಬುವ ಮುಂಚೆ ವಿಮಾನ ಹತ್ತಿ. ಆರು ತಿಂಗಳು ದಾಟಿದ್ದರೆ ಪ್ರಶ್ನೆ ಜಾಸ್ತಿ ಬರುತ್ತವೆ, ಆದರೆ ಕಾರ್ಡು ನಡೆಯುತ್ತದೆ. ವರ್ಷಕ್ಕಿಂತ ಜಾಸ್ತಿ ಆಗಬಹುದು ಅಂತ ಮೊದಲೇ ಗೊತ್ತಿರುವವರು ಹೊರಡುವ ಮುಂಚೆ ಐ-131 ಫಾರ್ಮಿನಲ್ಲಿ ರೀ-ಎಂಟ್ರಿ ಪರ್ಮಿಟ್‌ಗೆ, ಅಂದರೆ ವಾಪಸ್ ಒಳಬರುವ ಅನುಮತಿ ಪತ್ರಕ್ಕೆ ಹಾಕಬೇಕು. ಅದು ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತದೆ, ಆದರೆ ಅರ್ಜಿ ಹಾಕುವಾಗ ಅಮೆರಿಕದಲ್ಲೇ ಇರಬೇಕು. ನಿಮ್ಮ ಹೆಂಡತಿ ಆಸ್ಪತ್ರೆಯ ಮಂಚದಿಂದ ಅದನ್ನು ಹಾಕುವಂತೆಯೇ ಇರಲಿಲ್ಲ. ಪರ್ಮಿಟ್ ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಯಾರಾದರೂ ಕೇಳಿದರೆ ಇದನ್ನೇ ಹೇಳಿ: ಆರು ವಾರಕ್ಕೆ ಹೊರಟವರು ಎರಡು ವರ್ಷದ ಪರ್ಮಿಟ್ ಯಾಕೆ ಕೇಳುತ್ತಾರೆ?